ಇಪ್ಪತ್ತು ವರ್ಷ ನನ್ನ ಎದೆಯಲ್ಲಿದ್ದ ಗ್ಯಾಸ್ಟ್ರಿಕ್ ಮಹಾಶಯರಿಗೆ

ಮಾನ್ಯ ಗ್ಯಾಸ್ಟ್ರಿಕ್ ಮಹಾಶಯರೇ,

ರಾಮಮೂರ್ತಿ ನಗರದ ಬಾಡಿಗೆ ಕೋಣೆಯ ನಿವಾಸಿ, ಇಂದಿರಾನಗರದ ಮೂರು ಮನೆಗಳ ಅಡುಗೆಯವಳು, ನಲವತ್ತನಾಲ್ಕು ವರ್ಷದ ಅಮೃತಮ್ಮ ಮಕ್ಕಳ ವಾರ್ಡಿನ ಜಿರಾಫೆ ಚಿತ್ರದ ಕೆಳಗಿನ ಮಂಚದಿಂದ ತಮಗೆ ಮಾಡುವ ದೊಡ್ಡ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಊರೆಲ್ಲ ತಮ್ಮ ಹೆಸರನ್ನೇ ಜಪಿಸುವಾಗ ತಮಗೇನು ಕಡಿಮೆ?

ಇಪ್ಪತ್ತು ವರ್ಷದಿಂದ ಮೆಟ್ಟಿಲು ಹತ್ತಿದರೆ ನನಗೆ ಏದುಸಿರು, ಕೊಡ ಎತ್ತಿದರೆ ಎದೆ ಢವಢವ. ಇದೆಲ್ಲ ತಮ್ಮದೇ ಮಹಿಮೆಯೆಂದು ಔಷಧಿ ಅಂಗಡಿಯ ಗಯಾಜ್ ಭಾಯ್ ಗುಲಾಬಿ ಬಣ್ಣದ ಸಿರಪ್ ಕೊಟ್ಟರು, ಮನೆ ಓನರ್ ಆಂಜನಮ್ಮ ಓಮದ ನೀರು ಕುಡಿಸಿದರು, ನನ್ನ ಯಜಮಾನರಾದ ಜಟ್ಟೆಪ್ಪನವರಂತೂ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಲ್ಲಿ ನಾನು ಕುಸಿದು ಕೂತಾಗಲೂ "ಏನಿಲ್ಲ ಬಿಡು, ಗ್ಯಾಸ್ ಅದ" ಎಂದು ಸೋಡಾ ತಂದುಕೊಟ್ಟರು. ಮಾಡದ ಕೆಲಸಕ್ಕೆ ಇಷ್ಟು ಹೆಸರು ಗಳಿಸಿದವರನ್ನು ನಾನು ಚುನಾವಣೆಯಲ್ಲೂ ನೋಡಿಲ್ಲ.

ಕಳೆದ ತಿಂಗಳು ಮೊಮ್ಮಗಳ ಕೆಮ್ಮಿಗೆಂದು ಮೂರು ಮಹಡಿ ಹತ್ತಿ ಮಕ್ಕಳ ಡಾಕ್ಟರ ಬಳಿ ಹೋದಾಗ, ಆ ಡಾಕ್ಟರಮ್ಮ ಮಗುವನ್ನು ಬಿಟ್ಟು, ಏದುಸಿರು ಬಿಡುತ್ತಿದ್ದ ಅಜ್ಜಿಯಾದ ನನ್ನ ಎದೆಗೇ ಸ್ಟೆತಾಸ್ಕೋಪ್ ಇಟ್ಟರು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ, ಎದೆಯ ಮೇಲಿನ ಸ್ಕ್ಯಾನಿಗೂ ಸಿಗದ್ದನ್ನು ಹುಡುಕಲು ಗಂಟಲಿನಿಂದ ಹೃದಯ ನೋಡುವ ನಳಿಕೆ ಇಳಿಸಿದರು. ತಮ್ಮ ಸ್ವಂತ ಬೀದಿಯಾದ ಅನ್ನನಾಳದಲ್ಲೇ ಹಾದುಹೋದರೂ ತಾವು ಮನೆಯಲ್ಲಿರಲಿಲ್ಲ. ಸಿಕ್ಕಿದ್ದು ಹುಟ್ಟಿನಿಂದಲೇ ಹೃದಯದಲ್ಲಿದ್ದ ತೂತು, ಜೊತೆಗೆ ಎಡಕ್ಕೆ ಹೋಗುವುದು ಬಿಟ್ಟು ಬಲಕ್ಕೆ ಸೇರಿಕೊಂಡ ಒಂದು ರಕ್ತನಾಳ. ಇಂಥ ಹುಟ್ಟುದೋಷ ಬಲ್ಲ ವೈದ್ಯರು ಮಕ್ಕಳ ವಿಭಾಗದಲ್ಲೇ ಕೂರುವುದರಿಂದ ನನಗೂ ಇಲ್ಲೇ ಮಂಚ. ನರ್ಸಮ್ಮ ಅಭ್ಯಾಸಬಲದಿಂದ ನನ್ನ ಲಸಿಕೆ ಕಾರ್ಡು ಕೇಳಿದರು.

ಗುರುವಾರ ಆಪರೇಷನ್. ಇನ್ನೂ ತಡಮಾಡಿದರೆ ಶ್ವಾಸಕೋಶ ಕೆಟ್ಟು, ಆಮೇಲೆ ತೂತು ಮುಚ್ಚಲೂ ಆಗುವುದಿಲ್ಲವಂತೆ. ನನಗೆ ನಿಜಕ್ಕೂ ಭಯವಾಗಿದೆ ಸ್ವಾಮಿ. ಆದರೆ ಯಜಮಾನರು ತಮ್ಮ ಮೇಲಿನ ಭಕ್ತಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿಯನ್ನೇ ಹಾಕುತ್ತಿಲ್ಲ. ಆದ್ದರಿಂದ ತಾವು ದಯಮಾಡಿ, ಅಮೃತಮ್ಮನ ಎದೆಯಲ್ಲಿ ನಾನು ಒಂದು ದಿನವೂ ಇರಲಿಲ್ಲವೆಂದು ಛಾಪಾ ಕಾಗದದ ಮೇಲೆ ಬರೆದು, ಒಂದು ತೇಗಿನ ಮೊಹರು ಒತ್ತಿ, ಬುಧವಾರದೊಳಗೆ ಕಳಿಸಿಕೊಡಬೇಕಾಗಿ ವಿನಂತಿ.

ಇತಿ, ಹೃದಯ ತೂತಾದರೂ ಮರ್ಯಾದೆ ಬಿಡದ
ತಮ್ಮ ವಿಶ್ವಾಸಿ,
ಅಮೃತಮ್ಮ

ವಿ.ಸೂ.: ತಮ್ಮ ಕಾಗದ ಇನ್ನು ಬೇಕಿಲ್ಲ. ಇವತ್ತು ಬೆಳಿಗ್ಗೆ ನನ್ನನ್ನು ನೋಡಲು ಬಂದ ಯಜಮಾನರಿಗೆ ಎದೆಯಲ್ಲಿ ಚುಚ್ಚಿತು. ಇಸಿಜಿ, ರಕ್ತ ಪರೀಕ್ಷೆ ಎಲ್ಲ ಮಾಡಿದ ಡಾಕ್ಟರು ಬರೀ ಗ್ಯಾಸ್ ಎಂದರೆ, ಇವರು ಮುಖ ಬಿಳಿಚಿಕೊಂಡು, "ಬರೇ ಗ್ಯಾಸ್ ಹೆಂಗಾಗ್ತದ್ರೀ? ಇನ್ನೊಮ್ಮೆ ಛಂದಂಗ ನೋಡ್ರಿ!" ಎಂದು ಡಾಕ್ಟರ ಕೈ ಹಿಡಿದುಕೊಂಡರು. ನಾನು ಒಪ್ಪಿಗೆ ಪತ್ರವನ್ನೂ ಪೆನ್ನನ್ನೂ ಮುಂದೆ ಹಿಡಿದೆ. ಅಲ್ಲೇ ಸಹಿ ಬಿತ್ತು. ಆಮೇಲೆ ಅವರ ಬೆನ್ನು ಸವರಿ ಹೇಳಿದೆ: "ಏನಿಲ್ಲ ಬಿಡ್ರಿ, ಗ್ಯಾಸ್ ಅದ."