ಸುಗಟೂರಿನ ಹುಳುಗಳ ಲವಲವಿಕೆ

೧೯೭೮ರಲ್ಲಿ ಸುಗಟೂರಿನ ಅನಸೂಯಮ್ಮನವರ ರೇಷ್ಮೆಹುಳುಗಳು ಇಲಾಖೆಯ ಆದೇಶದಂತೆ ಸತ್ತವು. ಆಮೇಲೂ ವಾರವಿಡೀ ಅವು ಸೊಪ್ಪು ತಿಂದದ್ದು ಅವುಗಳ ಖಾಸಗಿ ವಿಷಯ.

ಸುತ್ತೋಲೆ ಸ್ಪಷ್ಟವಾಗಿತ್ತು: "ಹುಳುಗಳಲ್ಲಿ ಲವಲವಿಕೆ ಇರತಕ್ಕದ್ದು. ಇಲ್ಲದವನ್ನು ಮೃತವೆಂದು ಭಾವಿಸಿ, ಸುಣ್ಣ ಹಾಕಿ ಹೂಳತಕ್ಕದ್ದು." ಲವಲವಿಕೆ ಎಂದರೇನೆಂದು ಕೆಳಗಿನವರು ಕೇಳಿದ್ದರಿಂದ ಕೋಲಾರದಲ್ಲಿ ಸಮಿತಿ ಕೂತಿತು. ಕನ್ನಡ ಪಂಡಿತರು ಉತ್ಸಾಹ ಅಂದರು, ಇನ್ನೊಬ್ಬರು ಚುರುಕು ಅಂದರು. ಬೋಂಡ ಬಂದ ಮೇಲೆ ಒಮ್ಮತವಾಯಿತು: "ಅಧಿಕಾರಿಯನ್ನು ಕಂಡೊಡನೆ ಉಂಟಾಗುವ ಚಲನೆಯೇ ಲವಲವಿಕೆ." ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾನಂತೂ ಯಾವ ನಿಘಂಟಿನಲ್ಲೂ ನೋಡಿಲ್ಲ.

ಇನ್‌ಸ್ಪೆಕ್ಟರ್ ಕೋದಂಡರಾಮಪ್ಪ ಬಂದ ದಿನ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಹುಳು ಒಂದು ದಿನ ತಲೆಯೆತ್ತಿಕೊಂಡು ಅಲ್ಲಾಡದೆ ಇರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಕೋದಂಡರಾಮಪ್ಪ ತಟ್ಟೆಯ ಮುಂದೆ ನಿಂತು ಕೆಮ್ಮಿದರು. ತಮ್ಮ ಹುದ್ದೆ ಹೇಳಿಕೊಂಡರು. ಒಂದು ಹುಳುವೂ ಕದಲಲಿಲ್ಲ.

"ಜ್ವರ ಸಾಮಿ, ನಾಳೆ ಎದ್ದೇಳ್ತವೆ," ಅಂದರು ಅನಸೂಯಮ್ಮ.

"ನಾಳೆ ನಾನು ಮಾಲೂರಿಗೆ ಹೋಗ್ಬೇಕು ಕಣಮ್ಮ. ಲವಲವಿಕೆ ಇವತ್ತೇ ತೋರಿಸ್ಬೇಕು."

"ಅಯ್ಯೋ ದೇವುಡಾ! ಮಕ್ಕಳಂಗೆ ಸಾಕಿದೀನಿ. ಈ ಬೆಳೆ ಹೋದ್ರೆ ಮನೇಲಿ ಒಲೆ ಉರಿಯಲ್ಲ ಸಾಮಿ."

ಕೋದಂಡರಾಮಪ್ಪ ಕಟುಕರಲ್ಲ. ಕಣ್ಣೊರೆಸಿಕೊಂಡೇ ಮರಣವನ್ನು ಬರೆದುಕೊಂಡರು.

"ಯಾತರಾಗೆ ಹೂಳ್ಬೇಕು?" ಅಂತ ಅನಸೂಯಮ್ಮ ಕೇಳಿದರು.

ಕೋದಂಡರಾಮಪ್ಪ ಸುತ್ತೋಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹೇಳಿಲ್ಲ. ನಿಮ್ಮಿಷ್ಟ."

ಜ್ವರದ ಹುಳುವಿಗೆ ಹೇಗೂ ಸುಣ್ಣದ ಪುಡಿ ಉದುರಿಸುತ್ತಾರೆ, ಅನಸೂಯಮ್ಮ ಉದುರಿಸಿದರು. ಮಾರನೆಯ ದಿನ ಹಿಪ್ಪುನೇರಳೆ ಸೊಪ್ಪಿನಲ್ಲಿ ಹೂತರು. ಸತ್ತ ಹುಳುಗಳು ಸಮಾಧಿಯನ್ನು ತಿಂದು ಮುಗಿಸಿದವು. ಮಧ್ಯಾಹ್ನ ಮತ್ತೆ ಹೂತರು, ಸಾಯಂಕಾಲ ಮತ್ತೆ. ನಿಯಮವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ತಾಲ್ಲೂಕಿನಲ್ಲೇ ಇನ್ನೊಬ್ಬರಿರಲಿಲ್ಲ.

ಸತ್ತ ಹುಳು ಕಟ್ಟಿದ ಗೂಡನ್ನು ಮಾರುಕಟ್ಟೆಯಲ್ಲಿ ಮಿಕ್ಕ ಗೂಡಿನ ಜೊತೆ ಬೆರೆಸುವಂತಿರಲಿಲ್ಲ. ಅಲ್ಲಿನ ಸಿಬ್ಬಂದಿ ಪಕ್ಕಕ್ಕೆ ರಾಶಿ ಹಾಕಿ "ಮರಣೋತ್ತರ" ಎಂದು ಚೀಟಿ ಅಂಟಿಸಿದರು. ಬೇರೆ ಇಟ್ಟಿದ್ದಾರೆಂದರೆ ಏನೋ ವಿಶೇಷ ಇರಬೇಕೆಂದು ವ್ಯಾಪಾರಿಗಳು ಮುಗಿಬಿದ್ದರು. ಒಳ್ಳೆ ಬೆಲೆ ಬಂತು.

ಮುಂದಿನ ಬೆಳೆಗೆ ಊರಿನವರೆಲ್ಲ ಜ್ವರದ ದಿನ ನೋಡಿಯೇ ಇನ್‌ಸ್ಪೆಕ್ಟರಿಗೆ ಹೇಳಿಕಳಿಸಿದರು. ಅವರು ಮನೆಗೊಂದು ಕೋಳಿಯೂಟ ಸ್ವೀಕರಿಸಿ ಸಾವು ಬರೆದುಕೊಟ್ಟರು. ಚನ್ನರಾಯಪ್ಪನವರ ಮನೆಗೆ ಬರುವಷ್ಟರಲ್ಲಿ ಒಂದು ದಿನ ತಡವಾಗಿತ್ತು. ಹುಳುಗಳೆಲ್ಲ ತಲೆ ಆಡಿಸಿಕೊಂಡು ಹರಿದಾಡುತ್ತಿದ್ದವು.

"ಕೋಳಿ ಕುಯ್ದಿದೀನಿ ಸಾಮಿ, ಇನ್ನೊಂದ್ಸಲ ನೋಡಿ," ಅಂದರು ಚನ್ನರಾಯಪ್ಪ.

"ಏನ್ ನೋಡೋದಯ್ಯ? ಒಂದೂ ಸತ್ತಿಲ್ಲ."

ಚನ್ನರಾಯಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಜಗಲಿಯ ಮೇಲೆ ಕೂತರು. ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿ ಹೋದರು.