ಮೈಮೇಲಿನ ಹೆಪ್ಪು

ಒಂದು ಒಳ್ಳೆಯ ಬಿಳಿ ಅಂಗಿ ಹೊಲಿಸಬೇಕೆಂದರೆ ಆ ವರ್ಷ ಇಂಡಿ ಊರಲ್ಲಿ ಬಟ್ಟೆಗೆ ಮುನ್ನೂರು, ಹೊಲಿಗೆಗೆ ನೂರಿಪ್ಪತ್ತು ಬೀಳುತ್ತಿತ್ತು. ಅಂಥದೇ ಅಂಗಿಯನ್ನು ಬಾಬುಲಾಲನ ಲಾಂಡ್ರಿಯಿಂದ ಒಂದು ದಿನದ ಮಟ್ಟಿಗೆ ತಂದರೆ ಇಪ್ಪತ್ತೇ ರೂಪಾಯಿ, ಇಸ್ತ್ರಿ ಸಹಿತ. ಯಾರ ಅಂಗಿ ಎಂದು ಕೇಳಬಾರದು, ಯಾರಿಗೂ ಹೇಳಬಾರದು, ಸಾರು ಚೆಲ್ಲಿಕೊಳ್ಳಬಾರದು. ಕರಾರು ಇವಿಷ್ಟೇ.

ನಿಂಬೆಹಣ್ಣಿನ ಅಡತಿ ಅಂಗಡಿಯ ಗುಮಾಸ್ತ ಚಂದ್ರಾಮ ಮೂರನ್ನೂ ಪಾಲಿಸಿದ. ಮಗಳು ಭಾಗ್ಯಜ್ಯೋತಿಗೆ ಸಿಂದಗಿಯ ವರ ಹೆಚ್ಚುಕಡಿಮೆ ಗೊತ್ತಾಗಿದ್ದ. ಭಾನುವಾರ ಆ ಮನೆ ನೋಡಲು ಹೋಗುವಾಗ ತೊಟ್ಟದ್ದು ಆ ಇಪ್ಪತ್ತು ರೂಪಾಯಿಯ ಅಂಗಿ. ದಿನವಿಡೀ ಕಾಲರ್ ಕೊರಳ ಹಿಂದೆ ಚುರುಗುಟ್ಟಿತು. ಗಂಜಿ ಜಾಸ್ತಿಯಾಗಿದೆ ಎಂದುಕೊಂಡು ಸಹಿಸಿದ. ವರನ ತಾಯಿ, "ಅಂಗಿ ಭಾಳ ಚಂದ ಐತ್ರಿ, ಎಲ್ಲಿ ಹೊಲಿಸೀರಿ?" ಎಂದಾಗ, "ಸೊಲ್ಲಾಪುರದಾಗ್ರಿ" ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟ. ಆ ಸುಳ್ಳಿಗೆ ಅವನ ಕಿವಿ ಊರು ಮುಟ್ಟುವವರೆಗೂ ಬಿಸಿಯಾಗಿದ್ದವು. ಸೋಮವಾರ ಅಂಗಿಯನ್ನು ಲಾಂಡ್ರಿಗೆ ಒಪ್ಪಿಸಿ, ಪೀಡೆ ಹೋಯಿತೆಂದು ಉಸಿರುಬಿಟ್ಟ.

ಗುರುವಾರ ಇಳಿಹೊತ್ತಿಗೆ ವರನ ಕಡೆಯವರು ಮಾತು ಮುಗಿಸಲು ಬರುವವರಿದ್ದರು. ಅವತ್ತು ಬೆಳಗ್ಗೆ ಚಂದ್ರಾಮ ಅನೀಲನ ಕಟಿಂಗ್ ಅಂಗಡಿಯಲ್ಲಿ ತಲೆ ಬಗ್ಗಿಸಿ ಕೂತಿದ್ದ. ಅರ್ಧ ದಾಡಿ ಮುಗಿಸಿ ಕೊರಳ ಹಿಂದೆ ಕೂದಲು ತೆಗೆಯುತ್ತಿದ್ದ ಅನೀಲ ಕತ್ತಿ ನಿಲ್ಲಿಸಿದ.

"ಅಣ್ಣಾರ, ಇದೇನ್ರಿ ಕರ್‍ರಗ? ಹೋದ ವಾರ ಇದ್ದಿಲ್ಲ."

"ಏನೋ ಅದು?"

"ಚುಕ್ಕಿ. ಮೂರು ಅದಾವ. ಸುತ್ತ ಕೆಂಪಾಗೈತಿ. ಕೆಳಗೊಂದು ಕರೀ ಗೀಟೂ ಐತಿ."

ಬೆಂಚಿನ ಮೇಲೆ ಪೇಪರು ಓದುತ್ತಿದ್ದ ಮೈಬೂಬ ಮಾಸ್ತರರು ಎದ್ದು ಬಂದರು. ಚಂದ್ರಾಮನ ಪಕ್ಕದ ಮನೆಯವರು. ರಿಟೈರ್ ಆದ ಮೇಲೆ ಪಾಠ ಹೇಳಲು ಮಕ್ಕಳು ಸಿಗದೆ ಇಡೀ ಓಣಿಗೇ ಹೇಳುತ್ತಿದ್ದರು. ಕನ್ನಡಕ ಏರಿಸಿ ನೋಡಿ, "ಗೀಟಲ್ಲೋ ಅದು, ಬೇರು ಬಿಟ್ಟೈತಿ" ಎಂದರು.

ಚಂದ್ರಾಮ ಕೊರಳ ಹಿಂದೆ ತಡವಿಕೊಂಡ. ಅನೀಲ ಹಿಂದಿನಿಂದ ಕನ್ನಡಿ ಹಿಡಿದ. ಆ ಕನ್ನಡಿಯ ಬೆನ್ನಿನ ಬಣ್ಣ ಕಿತ್ತುಹೋಗಿ ಅದಕ್ಕೇ ಸಿಡುಬು ಎದ್ದಂತಿತ್ತು. ಚಂದ್ರಾಮನಿಗೆ ಮೂರಲ್ಲ, ಮೂವತ್ತು ಚುಕ್ಕಿ ಕಂಡವು.

"ಈಗ ಇದನ್ನ ಓದಾಕತ್ತಿದ್ನಿ ನೋಡ್ರಿ" ಎಂದು ಮಾಸ್ತರರು ಪೇಪರು ತಟ್ಟಿದರು. "ನಮ್ಮ ಚರ್ಮದ ಮ್ಯಾಲ ಕೋಟಿಗಟ್ಟಲೆ ಸೂಕ್ಷ್ಮಜೀವಿ ಅದಾವಂತ. ಅವಕ್ಕೂ ನಮ್ಮ ರೋಗನಿರೋಧಕ ಶಕ್ತಿಗೂ ನಂಟು. ಚರ್ಮದ ಕ್ಯಾನ್ಸರಿಗೂ ಅವಕ್ಕೂ ಏನು ಸಂಬಂಧ ಅಂತ ಹೊರದೇಶದಾಗ ಸಂಶೋಧನಾ ನಡದೈತಂತ. ಅಂದ್ರ ಏನಾತು? ಅವು ನಮ್ಮ ಮೈಯ ಕಾವಲುಗಾರರು. ನೀವು ದಿನಾ ಸಾಬೂನು ಹಚ್ಚಿ ಕಾವಲುಗಾರರನ್ನ ತೊಳದು ಗಟಾರಕ್ಕ ಬಿಟ್ಟೀರಿ!"

ಪೇಪರಿನಲ್ಲಿದ್ದದ್ದು ಮೊದಲ ಮೂರು ಮಾತು. ಉಳಿದದ್ದು ಮಾಸ್ತರರದು. ಆದರೆ ಅರ್ಧ ದಾಡಿಯಾದ ಮನುಷ್ಯನಿಗೆ ಯಾವುದು ಯಾರದು ಎಂದು ತಿಳಿಯುವುದು ಹೇಗೆ?

ಚಂದ್ರಾಮ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ವಿದ್ಯಾವತಿ ಬಾಗಿಲಲ್ಲೇ ಅಳುತ್ತ ನಿಂತಿದ್ದಳು.

"ನಡೀರಿ, ಡಾಕ್ಟರ ಕಡೆ ಹೋಗೂಣ."

"ಯಾವ ಡಾಕ್ಟರ? ಊರಾಗ ಚರ್ಮದ ಡಾಕ್ಟರ ಇರೂದು ಒಬ್ರ. ಶ್ರೀಶೈಲಪ್ಪ ಸಾಹೇಬ್ರು. ಅವರು ಹುಡುಗನ ಸ್ವಾದರಮಾವ. ಕ್ಯಾನ್ಸರ್ ಐತ್ರಿ ಅಂತ ಅವರ ಮುಂದನ ಕೊರಳ ಬಗ್ಗಸ್ಲೇನು? ಆಮ್ಯಾಲ ನಮ್ಮ ಹುಡುಗಿನ್ನ ತಗೋತಾರ?"

ಮಾತು ಖರೆಯೇ ಇತ್ತು. ಭಾನುವಾರ ಆ ಡಾಕ್ಟರರು ಸಿಂದಗಿಗೆ ಬಂದಿರಲಿಲ್ಲ. ಇವತ್ತು ಬಂದೇ ಬರುತ್ತೇನೆಂದು ಹೇಳಿ ಕಳಿಸಿದ್ದರು. ಅವರು ಬಂದು ಹೋಗುವವರೆಗೆ ಕೊರಳು ಮುಚ್ಚಿಕೊಂಡಿರಬೇಕು, ಮೈಯ ಕಾವಲುಗಾರರನ್ನೂ ಉಳಿಸಿಕೊಳ್ಳಬೇಕು. ಚಂದ್ರಾಮ ಅಂದಿನ ಜಳಕ ಬಿಟ್ಟ. ಬಿಸಿಲು ಕಾದ ಹೆಂಚಿನಂತೆ ಸುಡುತ್ತಿತ್ತು. ಹಿಂದಿನ ದಿನವೆಲ್ಲ ನಿಂಬೆಹಣ್ಣಿನ ಚೀಲಗಳ ನಡುವೆ ಬೆವರಿದ ಮೈ ಅದು.

ಮಾಸ್ತರರ ಹೆಂಡತಿ ದಾವಲಬಿ ಒಂದು ಬಟ್ಟಲು ಹಿಡಿದು ಬಂದಳು.

"ಅಳಬ್ಯಾಡ ವಿದ್ಯಾ. ನಿಮ್ಮನ್ಯಾಗ ಮಸರು ಹೆಪ್ಪಾಗ್ಲಿಲ್ಲ ಅಂದ್ರ ಏನ್ ಮಾಡ್ತಿ?"

"ನಿಮ್ಮನಿಂದ ಹೆಪ್ಪು ತರ್ತೇನಿ."

"ಹಾಂ! ಚಂದ್ರಾಮ ತಮ್ಮನ ಮೈಮ್ಯಾಲಿನ ಹೆಪ್ಪು ಕೆಟ್ಟೈತಿ, ಅಷ್ಟ. ಬ್ಯಾರೇ ಹೆಪ್ಪು ಹಾಕಿದ್ರ ಆತು. ಮಸರಿನ್ಯಾಗೂ ಇರೂದು ಆ ಹುಳಾನ ಅಂತಾರ ನಮ್ಮ ಮಾಸ್ತರು."

ಅವತ್ತು ಆ ಓಣಿಯಲ್ಲಿ ಯಾರೂ ಇದಕ್ಕಿಂತ ತಿಳಿಯುವ ಮಾತು ಆಡಿರಲಿಲ್ಲ. ಚಂದ್ರಾಮನ ಕೊರಳಿಗೆ ಗಟ್ಟಿ ಮೊಸರು ಮೆತ್ತಿದರು. ಅದು ಬೆನ್ನುಹುರಿಗುಂಟ ಇಳಿಯುತ್ತ ಹೋದ ಹಾಗೆ ನೊಣಗಳು ಬೀಗರಿಗಿಂತ ಮೊದಲೇ ಬಂದು ಕೂತವು.

"ಮಸರು ಬರೇ ಮಸರಿನ ಹೆಪ್ಪಾತು" ಎಂದು ಮಾಸ್ತರರು ಯೋಚನೆಗೆ ಬಿದ್ದರು. "ಚರ್ಮಕ್ಕ ಚರ್ಮದ ಹೆಪ್ಪ ಬೇಕು. ಓಣ್ಯಾಗ ಚಲೋ ಚರ್ಮ ಯಾರದೈತಿ?"

ಎಲ್ಲರ ಕಣ್ಣೂ ಕಟ್ಟೆಯ ಮೇಲೆ ಕೂತ ರಾಮವ್ವನ ಕಡೆ ಹೊರಳಿದವು. ಎಂಬತ್ತು ದಾಟಿದ ಮುದುಕಿ. ಮೈ ಬೆಳಗಿದ ತಾಮ್ರದ ಕೊಡದಂತೆ. ಜಳಕ ಹಬ್ಬಕ್ಕೊಮ್ಮೆ. ಕಜ್ಜಿ, ಗುಳ್ಳೆ ಎಂದರೇನೆಂದು ಅವಳಿಗೆ ಗೊತ್ತಿಲ್ಲ ಎಂದು ಓಣಿಯ ನಂಬಿಕೆ.

"ಆಯಿ, ನೀ ಹೊದ್ಕೊಳ್ಳೂ ಕೌದಿ ಇವತ್ತೊಂದಿನ ಕೊಡು" ಎಂದ ಚಂದ್ರಾಮ.

"ಒಯ್ಯೋ ಮಗನ. ನನ್ನ ಮೈಮ್ಯಾಲ ಇರೂದೆಲ್ಲಾ ಅದರಾಗ ಐತಿ."

"ತೊಳದು ಎಷ್ಟ ದಿನ ಆತು?"

"ಯಾಕ ತೊಳಿಬೇಕು? ಹೊಲಸಾಗೇತೇನು?" ಎಂದು ರಾಮವ್ವ ಸಿಟ್ಟಿಗೆದ್ದಳು.

ಹೀಗೆ ಆ ಉರಿಬಿಸಿಲಲ್ಲಿ ಚಂದ್ರಾಮ ಕೊರಳಿಗೆ ಮೊಸರು, ಮೈಗೆ ಕೌದಿ ಹಾಕಿಕೊಂಡು ಪಡಸಾಲೆಯಲ್ಲಿ ಕೂತ. ಅರ್ಧ ದಾಡಿ ಹಾಗೇ ಉಳಿದಿತ್ತು. ಒಳಗಿನಿಂದ ಮಗಳ ಧ್ವನಿ ಬಂತು: "ಯಪ್ಪಾ, ಅಡಗಿ ಮನಿ ಮಟಾ ನಾತ ಹೊಡ್ಯಾಕತ್ತೈತಿ. ನಿನ್ನ ನೋಡಿ ಅವರು ನನ್ನ ಒಲ್ಲೆ ಅಂದ್ರ?"

ಚಂದ್ರಾಮ ಹೆತ್ತ ಮಗಳಿಗೆ ನಾಚಿ ತಲೆ ತಗ್ಗಿಸಿದ್ದು ಅದೇ ಮೊದಲು. ತಗ್ಗಿಸಿದರೆ ಚುಕ್ಕಿ ಕಂಡೀತೆಂದು ಮತ್ತೆ ಎತ್ತಿದ.

ಬೀಗರು ಒಂದು ತಾಸು ಮೊದಲೇ ಬಂದರು. ವರನ ತಂದೆ, ತಾಯಿ, ಹಿಂದೆ ಡಾಕ್ಟರ್ ಶ್ರೀಶೈಲಪ್ಪ. ಒಳಗೆ ಕಾಲಿಟ್ಟೊಡನೆ ಮೂವರೂ ಒಮ್ಮೆ ನಿಂತು, ಮೂಗಿನಲ್ಲೇ ಏನೋ ವಿಚಾರ ಮಾಡಿ, ಬಾಗಿಲ ಹತ್ತಿರದ ಚಾಪೆಯಲ್ಲೇ ಕೂತರು.

"ಇವರಿಗೆ ಚಳಿಜ್ವರ ಬಂದೈತ್ರಿ" ಎಂದಳು ವಿದ್ಯಾವತಿ.

"ಜ್ವರಾನ? ಮತ್ತ ನಾ ಇರೂದು ಯಾಕ?" ಎಂದು ಡಾಕ್ಟರರು ಎದ್ದರು.

"ಬ್ಯಾಡ್ರಿ ಸಾಹೇಬ್ರ, ಹೋಗೇತ್ರಿ, ಈಗ ಹೋತು" ಎಂದು ಚಂದ್ರಾಮ ಕೌದಿಯನ್ನು ಕೊರಳಿಗೆ ಬಿಗಿ ಮಾಡಿದ.

ಅಷ್ಟರಲ್ಲಿ ಮೈಬೂಬ ಮಾಸ್ತರರು ಮುಂದೆ ಬಂದರು. ಅವರದು ಒಳ್ಳೆಯ ಮನಸ್ಸು, ಕೆಡಿಸಿದ್ದೆಲ್ಲ ಅದರಿಂದಲೇ. "ಮುಚ್ಚಿಡಬ್ಯಾಡ್ರಿ ಚಂದ್ರಾಮಣ್ಣ. ಸಂಬಂಧ ಹೋದ್ರ ಹೋಗ್ಲಿ, ಜೀವ ಉಳೀಲಿ. ಡಾಕ್ಟರ ಸಾಹೇಬ್ರ, ಇವರಿಗೆ ಚರ್ಮದ ಕ್ಯಾನ್ಸರ್ ಐತಿ."

ವರನ ತಾಯಿ ಗಂಡನ ಮುಖ ನೋಡಿದಳು. ಚಂದ್ರಾಮನ ಕಣ್ಣು ತುಂಬಿದವು. "ನಾ ಸತ್ರ ಸಾಯ್ತೇನ್ರಿ, ಇದು ಮಕ್ಕಳಿಗೆ ಬರೂ ರೋಗ ಅಲ್ಲ ಅಂತ ಮಾತ್ರ ಹೇಳ್ರಿ ಸಾಹೇಬ್ರ" ಎಂದು ಕೊರಳು ಬಗ್ಗಿಸಿದ.

ಡಾಕ್ಟರರು ಒದ್ದೆ ಬಟ್ಟೆಯಿಂದ ಮೊಸರು ಒರೆಸಿದರು. ಬೆಳಕಿಗೆ ಹೊರಳಿಸಿ ನೋಡಿದರು. ನೋಡುತ್ತಲೇ ಇದ್ದರು. ಕೊನೆಗೆ ನಕ್ಕರು.

"ಕ್ಯಾನ್ಸರೂ ಅಲ್ಲ, ಏನೂ ಅಲ್ಲ. ಅಗಸರು ಬಟ್ಟಿಗೆ ಗುರ್ತು ಹಾಕ್ತಾರಲ್ಲ, ಆ ಕ್ಯಾರಬೀಜದ ಮಸಿ. ಗುರ್ತು ಹಸಿ ಇದ್ದಾಗ ಅಂಗಿ ತೊಟ್ರ ಚರ್ಮ ಸುಟ್ಟು ಹಿಂಗ ಕರ್‍ರಗ ಆಗ್ತೈತಿ. ಮುಲಾಮು ಕೊಡ್ತೇನಿ, ಹೋಗ್ತೈತಿ."

ಮನೆಗೆ ಮನೆಯೇ ಉಸಿರುಬಿಟ್ಟಿತು. ವಿದ್ಯಾವತಿ ದೇವರ ಜಗಲಿಗೆ ಓಡಿದಳು. ಮಾಸ್ತರರಿಗೆ ಮಾತ್ರ ಸ್ವಲ್ಪ ನಿರಾಸೆ.

"ಹಂಗಾರ ಪೇಪರನ್ಯಾಗ ಬಂದದ್ದು ಸುಳ್ಳೇನ್ರಿ?"

"ಸುಳ್ಳಲ್ಲ ಮಾಸ್ತರ. ಚರ್ಮದ ಮ್ಯಾಲ ಕ್ರಿಮಿ ಅದಾವ, ಮೈಯ ಶಕ್ತಿಗೂ ಅವಕ್ಕೂ ನಂಟೈತಿ. ಕ್ಯಾನ್ಸರಿಗೆ ಏನು ಸಂಬಂಧ ಅಂತ ಇನ್ನೂ ಹುಡುಕಾಕತ್ತಾರ. ಹುಡುಕಾಕತ್ತಾರ ಅಂದ್ರ ಇನ್ನೂ ಸಿಕ್ಕಿಲ್ಲ ಅಂತ. ಸಿಗೂ ಮಟಾ ಜಳಕಾ ಮಾಡ್ರಿ."

ಎಲ್ಲರೂ ನಕ್ಕರು. ಚಂದ್ರಾಮನೂ ನಕ್ಕ. ಅವತ್ತು ಅವನು ನಕ್ಕದ್ದು ಅದೊಂದೇ ಸಲ.

ಡಾಕ್ಟರರು ಇನ್ನೊಮ್ಮೆ ಕೊರಳ ಹತ್ತಿರ ಬಗ್ಗಿದರು. ನಗೆ ನಿಂತಿತು. "ಅಗಸರು ಮನಿಗೊಂದು ಗುರ್ತು ಇಟ್ಟಿರ್ತಾರ, ಅಲ್ಲೇನ್ರಿ? ಇದು ಮೂರು ಚುಕ್ಕಿ, ಕೆಳಗೊಂದು ಗೀಟು." ಹೀಗೆಂದವರು ತಮ್ಮ ಕಾಲರನ್ನು ಹೊರಳಿಸಿ ಮಾಸ್ತರರಿಗೆ ತೋರಿಸಿದರು. "ಇಲ್ಲೇನೈತಿ ಓದ್ರಿ?"

ಮಾಸ್ತರರು ಕನ್ನಡಕ ಏರಿಸಿದರು. "ಮೂರು ಚುಕ್ಕಿ. ಕೆಳಗೊಂದು ಗೀಟು."

"ಹೊಸಾ ಅಂಗಿ. ಹೋದ ವಾರ ಮೊದಲ ಸಲ ಬಾಬುಲಾಲಗ ಕೊಟ್ಟಿದ್ನಿ. ರವಿವಾರ ಸಿಂದಗಿಗೆ ಇದನ್ನ ಹಾಕ್ಕೊಂಡು ಬರಬೇಕಂತ ಕಾದು ಕೂತ್ನಿ. ಒಣಗಿಲ್ರಿ ಅಂದ. ಅದಕ್ಕ ನಾ ಅವತ್ತು ಬರಲಿಲ್ಲ."

ವರನ ತಾಯಿ ತನ್ನ ತಮ್ಮನ ಅಂಗಿಯನ್ನು ದಿಟ್ಟಿಸಿ ನೋಡಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ಅಯ್ಯ, ಹೌದಲ್ಲ! ಇದು ಸೊಲ್ಲಾಪುರದ ಅಂಗಿ!"

ಚಂದ್ರಾಮ ರಾಮವ್ವನ ಕೌದಿಯನ್ನು ಮೆಲ್ಲಗೆ ಮೇಲಕ್ಕೆಳೆದು, ಈ ಸಲ ತಲೆಯ ಮೇಲೂ ಹೊದ್ದುಕೊಂಡ.

ವರನ ತಂದೆ ಕೆಮ್ಮಿ, "ಹುಡುಗಿನ್ನ ಕರೀರಿ. ನಾವು ನೋಡಾಕ ಬಂದದ್ದು ಆಕೀನ್ನ, ಅಂಗೀನ್ನಲ್ಲ" ಎಂದರು.

ಮದುವೆ ಆಯಿತು. ಬಟ್ಟೆಯ ಉಡುಗೊರೆ ಕೊಡುವ ಆಹೇರಿಯ ಹೊತ್ತಿಗೆ ಡಾಕ್ಟರರು ಎಲ್ಲರ ಎದುರು ಚಂದ್ರಾಮನಿಗೊಂದು ಹೊಸ ಬಿಳಿ ಅಂಗಿ ಕೊಟ್ಟರು. "ಇದು ನಿಮ್ಮದ ರೀ" ಎಂದು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದರು. ಸಿಂದಗಿಯ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಕೊರಳ ಕಪ್ಪು ಹೋಯಿತು. ಕೌದಿಯಿಂದ ಹತ್ತಿದ ಕಜ್ಜಿ ಮದುವೆಯವರೆಗೂ ಇತ್ತು. ಡಾಕ್ಟರರ ಮನೆಯ ಬಟ್ಟೆ ಬಾಬುಲಾಲನಿಗೆ ತಪ್ಪಿತು. ಅವನು ಚಂದ್ರಾಮನನ್ನು ಕಂಡರೆ ಇಸ್ತ್ರಿಪೆಟ್ಟಿಗೆಯ ಕಡೆ ಮುಖ ತಿರುಗಿಸುತ್ತಾನೆ. ಒಟ್ಟಿನಲ್ಲಿ ಚಂದ್ರಾಮ ಗಳಿಸಿದ್ದು ಒಬ್ಬ ಒಳ್ಳೆಯ ಅಳಿಯ, ಒಂದು ಬಿಳಿ ಅಂಗಿ. ಅಂಗಿ ಇನ್ನೂ ಟ್ರಂಕಿನಲ್ಲೇ ಇದೆ. ಅದನ್ನು ತೊಟ್ಟು ಸಿಂದಗಿಯ ಬಸ್ಸು ಹತ್ತುವ ಮುಖವನ್ನು ಅವನು ಕಳೆದುಕೊಂಡ.