ಪಂಚಮಿ ಉಂಡಿ, ನಾಲ್ಕು ಫ್ಲಾಪಿ

ಮೂಡಲಗಿಯ ನನ್ನ ಕಾಕಾ ಒಂದೇ ಛತ್ರಿ ಹಿಡಿದು ಹೊರಟಿದ್ದನ್ನು ಕಂಡವರಿದ್ದರೆ ಮುಂದೆ ಬರಲಿ! ಕೈಯಲ್ಲೊಂದು, ಕಂಕುಳಲ್ಲೊಂದು. ಬಸದಿಗೆ ಹೋಗುವಾಗಲೂ ಕಾಲಲ್ಲೊಂದು ಜೊತೆ ಚಪ್ಪಲಿ, ಚೀಲದಲ್ಲೊಂದು ಜೊತೆ. ಒಮ್ಮೆ ಬಾಗಿಲಲ್ಲಿ ಬಿಟ್ಟ ಎರಡೂ ಜೊತೆ ಕಳುವಾದವು. "ಕಳ್ಳನೂ ನನ್ನಂಗ ಶಾಣ್ಯಾ ಅದಾನ" ಎಂದು ಮೆಚ್ಚಿಕೊಳ್ಳುತ್ತ ಬರಿಗಾಲಲ್ಲೇ ಮನೆಗೆ ಬಂದರು.

ಇಂಥವರ ಕೈಗೆ ತೊಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಸಿಕ್ಕರೆ ಏನಾಗಬೇಕು? ಆಯಿ, ಅಂದರೆ ಅವರ ತಾಯಿ, ನನ್ನ ಅಜ್ಜಿ, ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಹಾಡುಗಳನ್ನೆಲ್ಲ ಅವಳ ಬಾಯಿಂದಲೇ ಕೇಳಿ, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಅದರಲ್ಲಿ ತುಂಬಿದರು. ಬ್ಯಾಕಪ್ ತೆಗೆದರೆ ನಾಲ್ಕು ಫ್ಲಾಪಿ ಹಿಡಿಯಿತು; ನಾಲ್ಕು ನಕಲಾದವೆಂದು ಕಾಕಾ ಹಿಗ್ಗಿದರು. "ಎಲ್ಲಾ ಒಂದ ಮನ್ಯಾಗ ಇದ್ರ, ಬೆಂಕಿಗಿಂಕಿ ಬಿದ್ರ?" ಎಂದು, ಪಂಚಮಿಗೆ ತವರಿಗೆ ಬಂದ ಮೂವರು ತಂಗಿಯರ ಉಂಡಿ ಡಬ್ಬಿಯಲ್ಲಿ ಒಂದೊಂದು ಇಟ್ಟು ಕಳಿಸಿದರು. ಒಂದನ್ನು ತಾವಿಟ್ಟುಕೊಂಡರು.

ಮರುವರ್ಷ ಆಯಿಗೆ ಲಕ್ವಾ ಹೊಡೆದು ಮಾತು ನಿಂತಿತು. ಸ್ವಲ್ಪ ದಿನದಲ್ಲೇ ಕಂಪ್ಯೂಟರೂ ಸುಟ್ಟಿತು. ಹಾಡುಗಳು ಈಗ ಫ್ಲಾಪಿಯಲ್ಲಿ ಬಿಟ್ಟರೆ ಎಲ್ಲೂ ಇಲ್ಲ! ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದ ನನಗೆ ಕರೆ ಬಂತು. ಕಾಕಾ ಹೊಸ ಕಂಪ್ಯೂಟರಿಗೆ ತಮ್ಮ ಫ್ಲಾಪಿ ಹಾಕಿ ಕೂತಿದ್ದರು. ಪರದೆಯ ತುಂಬ ಚೌಕ, ಬಾಣ, ಇಸ್ಪೀಟಿನ ಗುರುತು.

"ಇದೇನ್ ಹಳೇ ಕಾಗದದಾಗಿನ ಮೋಡಿ ಲಿಪಿ ಏನೋ ತಮ್ಮಾ?"

"ಬ್ಯಾಕಪ್ ಫೈಲ್ ರೀ ಕಾಕಾ. ಯಾವ ಪ್ರೋಗ್ರಾಮು ಗಂಟು ಕಟ್ಟೇತಿ, ಅದ ಬಿಚ್ಚಬೇಕು. ನಾಲ್ಕೂ ಫ್ಲಾಪಿ ಬೇಕು."

"ನಾಲ್ಕ್ ಯಾಕ? ಒಂದೊಂದ್ರಾಗೂ ಎಲ್ಲಾ ಐತಲ್ಲ!"

"ಇಲ್ರಿ. ನಕಲು ಒಂದ. ಅದ ನಾಲ್ಕ ತುಂಡ ಆಗೇತಿ."

ಕಾಕಾ ನೆಲಕ್ಕೇ ಕೂತುಬಿಟ್ಟರು. ಜೀವನದಲ್ಲಿ ಮೊದಲ ಸಲ ಅವರ ಬಳಿ ಎರಡನೆಯದು ಇರಲಿಲ್ಲ!

ಊರೂರಿಗೆ ಬಸ್ಸು ಹತ್ತಿದೆವು. ಗೋಕಾಕದ ಅತ್ತೆ ಫ್ಲಾಪಿಗೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದರು. ಮಸಗುಪ್ಪಿ ಅತ್ತೆಯದು ರೇಷ್ಮೆ ಸೀರೆಯ ಮಡಿಕೆಯಲ್ಲಿತ್ತು. ಯಮಕನಮರಡಿಯಲ್ಲಿ ಅದು ಅಲುಗಾಡುವ ಹೊಲಿಗೆ ಯಂತ್ರದ ಕಾಲಡಿ! "ಏನ್ ಗಟ್ಟಿ ಐತಿ ಅಣ್ಣಾ, ನೀ ಕೊಟ್ಟದ್ದು!" ಎಂದು ಅತ್ತೆ ಹೊಗಳಿದರು. ಕಾಕಾ ಅಳಬೇಕೋ ನಗಬೇಕೋ ತಿಳಿಯದೆ ಎರಡು ಕಪ್ ಚಹಾ ಕುಡಿದರು.

ಕ್ಲಾಸಿನ ಹಳೆಯ ಕಂಪ್ಯೂಟರಿನಿಂದ ಅದೇ ಪ್ರೋಗ್ರಾಮನ್ನೂ ಕನ್ನಡ ಅಕ್ಷರಗಳನ್ನೂ ತಂದು ಹಾಕಿದೆ. ಮೂರು ಫ್ಲಾಪಿ ಸರಾಗ ಓದಿತು. ನಾಲ್ಕನೆಯದು, ಹೊಲಿಗೆ ಯಂತ್ರ ಹೊತ್ತ ವೀರ, ಕರ್‌ಕರ್ ಎಂದು ನಿಂತಿತು. ತೆಗೆದು ಹಾಕಿದೆ. ಮತ್ತೆ ನಿಂತಿತು. ಮೂರನೇ ಸಲಕ್ಕೆ, ದೇವರ ದಯೆ, ಓದಿತು! ಪರದೆಯ ಮೇಲೆ ಆಯಿಯ ಸಾಲುಗಳು ಒಂದೊಂದಾಗಿ ಮೂಡಿದವು. ಅಬ್ಬಾ! ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಯಿತು.

ಪಕ್ಕದ ಹೊರಸಿನಲ್ಲಿ ಮಲಗಿದ್ದ ಆಯಿಗೆ ಕೇಳಲೆಂದು ಕಾಕಾ ಗಟ್ಟಿಯಾಗಿ ಓದತೊಡಗಿದರು. ಕಣ್ಣು ಮಂಜಾಗಿ ನಡುವೆ ಒಂದು ಸಾಲು ಬಿಟ್ಟುಹೋಯಿತು. ಟಕ್! ಆಯಿಯ ಎಡಗೈ ಬೆರಳು ಹೊರಸಿನ ಕಟ್ಟಿಗೆಗೆ ಬಡಿಯಿತು. ಕಾಕಾ ತಿರುಗಿ ಆ ಸಾಲು ಓದಿದರು. ಬೆರಳು ಸುಮ್ಮನಾಯಿತು.

"ತಮ್ಮಾ, ಅವ್ವನ ಕಡೆ ಪೂರಾ ಐತೋ!" ಎಂದು ಕಾಕಾ ಬಿಕ್ಕಿದರು. ನನಗೂ ತಡೆಯಲಾಗಲಿಲ್ಲ.

ಮುಂದಿನ ಪಂಚಮಿಗೆ ತಂಗಿಯರ ಡಬ್ಬಿಯಲ್ಲಿ ಉಂಡಿಗಿಂತ ಫ್ಲಾಪಿಗಳೇ ಹೆಚ್ಚಿದ್ದವು. ಕಾಕಾ ಮಾತ್ರ ದಿನವೂ ಸಂಜೆ ಆಯಿಗೆ ಹಾಡು ಓದುತ್ತಿದ್ದರು. ಬೇಕಂತಲೇ ಒಂದು ಸಾಲು ಬಿಟ್ಟು, ಆ ಟಕ್ ಕೇಳುವತನಕ ಉಸಿರು ಹಿಡಿದು ಕೂರುತ್ತಿದ್ದರು.